ಬೀಳುತ್ತಲೇ ಇರುವ ಚುಕ್ಕಿ

ಒಣಗಿದ ಬಟ್ಟೆ ತೆಗೆಯಲೆಂದು ಇಂದು ಸಂಜೆ ತಾರಸಿಗೆ ಹೋಗಿದ್ದಾಗ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಮಿನುಗದ ಬಿಳಿ ಚುಕ್ಕಿಯಾಗಿ ನೈಋತ್ಯದಿಂದ ಮೇಲೇರಿ, ನಾಲ್ಕೈದು ನಿಮಿಷಗಳಲ್ಲಿ ತೆಂಗಿನ ಮರದ ಹಿಂದೆ ಮರೆಯಾಯಿತು.

"ಅಲ್ಲಿ ಗುರುತ್ವವೇ ಇಲ್ಲ, ಅದಕ್ಕೇ ಅದು ಬೀಳುವುದಿಲ್ಲ, ಅಲ್ವಾ ಅಪ್ಪಾ?" ಎಂದು ಕೇಳಿದ ಮಗಳ ಕೈಯಿಂದ ಬಟ್ಟೆಯ ಕ್ಲಿಪ್ಪೊಂದು ಜಾರಿ ಅಂಗಳಕ್ಕೆ ಬಿತ್ತು.

ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. ಆದರೆ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿಯೂ ನೆಲದ ಮೇಲಿನ ಗುರುತ್ವದ ಶೇಕಡ 89ರಷ್ಟು ಉಳಿದೇ ಇರುತ್ತದೆ. ಕ್ಲಿಪ್ಪು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುವುದಾದರೆ, ಆ ನಿಲ್ದಾಣವೂ ಪ್ರತಿ ಸೆಕೆಂಡಿಗೆ ಸುಮಾರು 4.3 ಮೀಟರ್ ಭೂಮಿಯತ್ತ ಬೀಳುತ್ತದೆ. ಅದೇ ಸೆಕೆಂಡಿನಲ್ಲಿ ಅದು 7.7 ಕಿಲೋಮೀಟರ್ ಮುಂದಕ್ಕೆ ಧಾವಿಸಿರುವುದರಿಂದ ಮತ್ತು ಅಷ್ಟು ದೂರಕ್ಕೆ ದುಂಡಗಿನ ಭೂಮಿಯೂ ಹೆಚ್ಚುಕಡಿಮೆ ಅಷ್ಟೇ ಕೆಳಕ್ಕೆ ಬಾಗುವುದರಿಂದ, ಬಿದ್ದರೂ ಅದಕ್ಕೆ ನೆಲ ಸಿಗುವುದಿಲ್ಲ. ಗುರುತ್ವ ಇಲ್ಲದಿದ್ದರೆ ಅದು ಸುತ್ತುತ್ತಲೇ ಇರಲಿಲ್ಲ, ನೇರವಾಗಿ ದೂರ ಹೊರಟುಹೋಗುತ್ತಿತ್ತು. (ಅಷ್ಟು ಎತ್ತರದಲ್ಲಿಯೂ ತೆಳು ಗಾಳಿ ವೇಗವನ್ನು ಕದಿಯುವುದರಿಂದ, ಆಗಾಗ ಎಂಜಿನ್ ಉರಿಸಿ ಅದನ್ನು ಮೇಲೆತ್ತಬೇಕಾಗುತ್ತದೆ.)

ನಮ್ಮ ಡಿಶ್ ಆಂಟೆನಾ ದಿಟ್ಟಿಸುವ ಉಪಗ್ರಹ 35,786 ಕಿಲೋಮೀಟರ್ ಮೇಲಿದ್ದು, ಸೆಕೆಂಡಿಗೆ ಕೇವಲ 11 ಸೆಂಟಿಮೀಟರ್ ಬೀಳುತ್ತದೆ ಎಂದಾಗ ಮಗಳು ಬೆರಳುಗಳನ್ನು ಅಗಲಿಸಿ ಅಳತೆ ನೋಡಿಕೊಂಡಳು. ಆಮೇಲೆ ಕ್ಲಿಪ್ಪು ಹುಡುಕಲು ಕೆಳಗಿಳಿದಳು.