ಬದನೆ ಪಲ್ಯದ ಬೀಪ್ ಕೊನೆಗೂ ಕೂತಿತು

ಕಾಗದದ ಗೊಂಬೆಗಳ ಕಟೌಟ್ ಆನಿಮೇಷನ್ ಚಿತ್ರದ ಹಾಡಿನಲ್ಲಿ ‘ಬದನೆ’ ಪದ ಮುಚ್ಚುವ ನಾಲ್ಕನೇ ಸಾಲಿನ ಬೀಪ್ ಈಗ ಸರಿಯಾಗಿ ಕೂತಿದೆ. ಗೊಂಬೆ ಕತ್ತರಿಸುವುದು, ಬಾಯಿಗಳ ಸೆಟ್, ಲೈಟಿಂಗ್ ಎಲ್ಲ ಕಟೌಟ್ ಮಾಡುವವರಿಗೆ ಗೊತ್ತಿದ್ದದ್ದೇ, ಅದನ್ನು ಬಿಡೋಣ. ಒಂದು ದೂರು ಮಾತ್ರ ದಾಖಲಾಗಲಿ: 300 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಎಂದು ಲೇಬಲ್ ಹೊತ್ತು ಬಂದ ಬೂದು ಕಾರ್ಡ್‌ಶೀಟ್ ಬೆಳಕಿಗೆ ಹಿಡಿದರೆ ಹಿಂದಿನ ಬೆರಳು ಕಾಣುತ್ತದೆ. ಸೆನ್ಸಾರ್ ಅಧಿಕಾರಿಯ ಕೋಟು ಪಾರದರ್ಶಕವಾಗಿರುವುದು ಒಳ್ಳೆಯ ವ್ಯಂಗ್ಯವೇ, ಆದರೆ ಸ್ಕ್ರಿಪ್ಟಿನಲ್ಲಿ ಇರಲಿಲ್ಲ.

ಕಥೆ ಇಷ್ಟೇ. ಸಮಿತಿಯೊಂದು ತರಕಾರಿಗಳ ಹೆಸರನ್ನೆಲ್ಲ ಅಶ್ಲೀಲವೆಂದು ಮುಚ್ಚುತ್ತದೆ, ಊರವರು ಅದನ್ನೇ ಹಾಡಾಗಿ ಹಾಡುತ್ತಾರೆ. ಇಡೀ ಹಾಡಿನಲ್ಲಿ ಒಂದೂ ಬೈಗುಳವಿಲ್ಲ; ಕೊಳಕೆಲ್ಲ ಬೀಪ್‌ನದೇ. ಪ್ರೇರಣೆ ಯಾವುದೆಂದು ಬೇರೆ ಹೇಳಬೇಕಿಲ್ಲ: 1999ರ ‘ಸೌತ್ ಪಾರ್ಕ್: ಬಿಗ್ಗರ್, ಲಾಂಗರ್ ಅಂಡ್ ಅನ್‌ಕಟ್’. ಮಕ್ಕಳ ಬಾಯಿ ಕೆಟ್ಟಿತೆಂದು ತಾಯಂದಿರು ಕೆನಡಾ ಮೇಲೆ ಯುದ್ಧಕ್ಕೇ ಹೊರಡುವ ಚಿತ್ರ ಅದು. ಆ ಚಿತ್ರದ ಮೂಲವಾದ ಟಿವಿ ಧಾರಾವಾಹಿಯ ಮೊದಲ ಕಂತು ನಿಜವಾದ ಕಾಗದದ ತುಂಡುಗಳಿಂದ ಆದದ್ದು. ಆಮೇಲೆ ಕಂಪ್ಯೂಟರಿನಲ್ಲಿ ಅದೇ ಕಾಗದದ ಒರಟುತನವನ್ನು ಕಷ್ಟಪಟ್ಟು ನಕಲು ಮಾಡಿದರು. ಇಲ್ಲಿ ಕಾಗದವೇ ಅಗ್ಗ.

ಸಮಸ್ಯೆಯ ಚರಣ ಇದು:

ಕದನ ಬೇಡ ಸ್ವಾಮಿ ನಮ್ಮ
ಬದಲಿ ಪದವ ಕೊಡಿ
ಉದರ ತುಂಬ ತಿಂದುದೆಲ್ಲ
ಬದನೆ ಪಲ್ಯ ಬಿಡಿ

ಮೂರು ಮಾತ್ರೆಯ ಗಣ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಮಾತ್ರೆಗೆ 4 ಫ್ರೇಮ್ ಕೊಟ್ಟರೆ ಗಣಕ್ಕೆ 12 ಫ್ರೇಮ್, ಅಂದರೆ ನಿಮಿಷಕ್ಕೆ ಸರಿಯಾಗಿ 120 ಬೀಟ್. ಲಘುವಿಗೆ 4, ಗುರುವಿಗೆ 8 ಎಂದು ಎಕ್ಸ್‌ಪೋಷರ್ ಶೀಟನ್ನು (ಯಾವ ಫ್ರೇಮಿಗೆ ಯಾವ ಚಿತ್ರ ಎಂಬ ಪಟ್ಟಿ) ಪ್ರಸ್ತಾರ ಹಾಕಿದ ಹಾಗೇ ತುಂಬಬಹುದು. ಟೆಂಪೊ 100 ಇಟ್ಟುಕೊಂಡರೆ ಬೀಟಿಗೆ 14.4 ಫ್ರೇಮ್ ಬಂದು ಎರಡನೇ ಚರಣದ ಹೊತ್ತಿಗೆ ತುಟಿ ಒಂದು ಕಡೆ, ಹಾಡು ಇನ್ನೊಂದು ಕಡೆ.

‘ಬದನೆ’ಗೆ 12 ಫ್ರೇಮ್, ಅರ್ಧ ಸೆಕೆಂಡು. ಪೂರ್ತಿ ಮುಚ್ಚಿದರೆ ಟೇಪು ಕೆಟ್ಟಂತೆ ಕೇಳುತ್ತದೆ, ಯಾರೂ ನಗುವುದಿಲ್ಲ. ‘ಬ’ ಬಿಟ್ಟು ಉಳಿದ 8 ಫ್ರೇಮ್ ಮುಚ್ಚಬೇಕು. ಮಿಕ್ಕ ಕೆಲಸ ಆದಿಪ್ರಾಸದ್ದು: ಕದನ, ಬದಲಿ, ಉದರ ಎಂದು ಕೇಳಿದ ಕಿವಿ ನಾಲ್ಕನೇ ಸಾಲಿನ ಎರಡನೇ ಅಕ್ಷರ ‘ದ’ ಎಂದು ತಾನೇ ತೀರ್ಮಾನಿಸಿಬಿಡುತ್ತದೆ. ಸಮಿತಿ ಮುಚ್ಚಿದ ಪದ ಪ್ರೇಕ್ಷಕನಿಗೆ ಮೊದಲೇ ಗೊತ್ತು. ಅದೇ ಬೀಪನ್ನು ಮೊದಲ ಸಾಲಿಗೆ ಹಾಕಿ ನೋಡಿ, ಪ್ರಾಸದ ಸುಳಿವಿಲ್ಲದೆ ಮನಸ್ಸು ನೇರ ಚರಂಡಿಗೆ ಇಳಿಯುತ್ತದೆ. ಎರಡೂ ಬೇಕು; ಯಾವ ಚರಣದಲ್ಲಿ ಯಾವುದು ಎಂದು ಮೊದಲೇ ಗುರುತು ಹಾಕಿಕೊಳ್ಳಿ.

ಈಗ ತಲೆ ತಿಂದ ಸಂಗತಿ. ಟಿವಿಯ ಬೀಪ್ ಎಂದರೆ 1000 ಹರ್ಟ್ಜ್‌ನ ಸೈನ್ ಟೋನ್. ಹಾಡು ಮೋಹನ ರಾಗ, ಡಿ ಶ್ರುತಿ, ಹಾರ್ಮೋನಿಯಂನ ಬಿಳಿ ಎರಡು. ಆ ಲೆಕ್ಕದಲ್ಲಿ 1000 ಹರ್ಟ್ಜ್ ಬಂದು ಬೀಳುವುದು ಚತುಶ್ರುತಿ ಧೈವತದ ಹತ್ತಿರ, ಆದರೆ 21 ಸೆಂಟ್ ಮೇಲೆ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್). ರಾಗದ ಸ್ವರವೇ, ಶ್ರುತಿ ಮಾತ್ರ ಇಲ್ಲ. ಪೂರಾ ಅನ್ಯಸ್ವರವಾಗಿದ್ದರೆ ಕಿವಿ ಅದನ್ನು ಹಾಡಿನ ಹೊರಗಿನದೆಂದು ಒಪ್ಪಿಕೊಳ್ಳುತ್ತಿತ್ತು. ಇದು ಗಾಯಕನೇ ತಪ್ಪಿದಂತೆ ಕೇಳುತ್ತದೆ.

ಸರಿ, ಪಂಚಮಕ್ಕೆ ಕೂರಿಸೋಣ ಎಂದರೆ 880 ಹರ್ಟ್ಜ್. ತಂಬೂರಿ ಆ್ಯಪ್‌ನ ಶುದ್ಧ ಪಂಚಮ 881, ಆದರೆ ಮೂರನೇ ಒಂದು ಸೆಕೆಂಡಿನ ಬೀಪ್‌ನಲ್ಲಿ ಆ ಒಂದು ಹರ್ಟ್ಜ್ ಯಾರ ಕಿವಿಗೂ ಬೀಳದು, ಅದಕ್ಕೆ ಜಗಳ ಬೇಡ. ಶ್ರುತಿ ಸೇರಿತು, ನಗು ಸತ್ತಿತು! 880ರ ಬೀಪ್ ಕೊಳಲಿನ ಬಿಟ್ ಆಗಿಬಿಟ್ಟಿತು. ಮುಚ್ಚುವಿಕೆ ಅಲಂಕಾರವಾಯಿತು, ಸೆನ್ಸಾರ್ ಪಕ್ಕವಾದ್ಯದವನಾದ.

ಕೆಲಸ ಮಾಡಿದ್ದು ಇದು. ಸ್ವರ 880ರಲ್ಲೇ ಇರಲಿ, ಆದರೆ ಸಂಗೀತದ ಉಳಿದ ಮರ್ಯಾದೆಯನ್ನೆಲ್ಲ ಕಿತ್ತುಹಾಕಿ. ಫೇಡ್, ಅಂದರೆ ಸದ್ದು ಏರುವ-ಇಳಿಯುವ ಹೊತ್ತು, ಎರಡೂ ತುದಿಗೆ 3 ಮಿಲಿಸೆಕೆಂಡ್ ಮಾತ್ರ. ಸೊನ್ನೆ ಇಟ್ಟರೆ ಟಿಕ್ ಶಬ್ದ, 20 ಇಟ್ಟರೆ ಮತ್ತೆ ಕೊಳಲು. ರಿವರ್ಬ್ (ಪ್ರತಿಧ್ವನಿಯ ಗುಂಗು) ಇಲ್ಲ, ಮೊನೊ, ನಟ್ಟನಡುವೆ. ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದ ಟೋನ್ ಜನರೇಟರ್ ತಾನಾಗಿ 0.8 ಮಟ್ಟ ಕೊಡುತ್ತದೆ, ಹೆಡ್‌ಫೋನ್ ಹಾಕಿಕೊಂಡವರ ಕಿವಿ ಹೋಗುತ್ತದೆ, 0.2, ಅಂದರೆ ಮೈನಸ್ 14 ಡೆಸಿಬೆಲ್ ಸಾಕು. ಇನ್ನು ಹಾಡಿನ ಕಟ್ಟಕಡೆಯ ಬೀಪ್ ಮಾತ್ರ ಹಳೆಯ 1000ದಲ್ಲೇ ಇರಲಿ. ಅಷ್ಟು ಹೊತ್ತು ಶ್ರುತಿಯಲ್ಲಿ ಕೇಳಿದ ಮೇಲೆ ಆ ಅಪಶ್ರುತಿಗೇ ಜನ ಬಿದ್ದು ನಗುತ್ತಾರೆ.

ಇನ್ನೊಂದು ಸೋರಿಕೆ: ಗಾಯನದ ಟ್ರ್ಯಾಕನ್ನು ರಿವರ್ಬ್ ಆದ ಮೇಲೆ ಮ್ಯೂಟ್ ಮಾಡುವ ಬದಲು ರಿವರ್ಬ್‌ಗೆ ಹೋಗುವ ಮೊದಲೇ ಕತ್ತರಿಸಿ. ಇಲ್ಲದಿದ್ದರೆ ಬೀಪ್ ಮುಗಿದ ಕೂಡಲೇ ‘ನೆ’ ಬಾಲ ಅಲ್ಲಾಡಿಸುತ್ತದೆ. ಕೋರಸ್ ಟ್ರ್ಯಾಕ್ ಮರೆಯಬೇಡಿ, ಅಲ್ಲಿಯೂ ಅದೇ ಬದನೆ ಇರುತ್ತದೆ.

ಚಿತ್ರದ ಕಡೆ: ಬಾಯಿ ಮುಚ್ಚುವ ಕಪ್ಪುಪಟ್ಟಿ ಬೀಪ್‌ಗಿಂತ 2 ಫ್ರೇಮ್ ಮೊದಲೇ ಬಾಯಿ ಮೇಲೆ ಇರಬೇಕು, 2 ಫ್ರೇಮ್ ತಡವಾಗಿ ಹೋಗಬೇಕು. ಅಧಿಕಾರಿಯ ಕೈ ‘ದೆಲ್ಲ’ ಗಣದಲ್ಲೇ ಹೊರಟರೆ ಮಾತ್ರ ಹೊತ್ತಿಗೆ ತಲುಪುತ್ತದೆ. ‘ಬ’ಗೆ ತುಟಿ ಕೂಡಿದ ಬಾಯಿ ಸದ್ದಿಗಿಂತ 2 ಫ್ರೇಮ್ ಮುಂಚೆ ಬರಲಿ, ಪಟ್ಟಿ ಬೀಳುವ ಮೊದಲು ಅದೊಂದು ಕಂಡರೆ ಸಾಕು. ಪಟ್ಟಿಯ ಕತ್ತರಿಸಿದ ಅಂಚಿಗೆ ಮಾರ್ಕರ್ ಬಳಿಯಿರಿ. ಕಾರ್ಡಿನ ಬಿಳಿ ತಿರುಳು ಪ್ರತಿ ಫ್ರೇಮಿನಲ್ಲೂ ಮಿಣಕುತ್ತದೆ.

ಬೀಪ್ ಬೇಡವೇ ಬೇಡ ಎನ್ನುವವರಿಗೆ ಹಳೆಯ ದಾರಿಯೂ ಇದೆ. ಆ ಚಿತ್ರದ ‘ಬ್ಲೇಮ್ ಕೆನಡಾ’ ಆಸ್ಕರ್‌ಗೆ ನಾಮನಿರ್ದೇಶನಗೊಂಡು, 2000ದ ಸಮಾರಂಭದಲ್ಲಿ ರಾಬಿನ್ ವಿಲಿಯಮ್ಸ್ ಅದನ್ನು ಹಾಡಿದಾಗ, ಆಡಬಾರದ ಪದದ ಜಾಗದಲ್ಲಿ ಕೋರಸ್ ತಾಳ ತಪ್ಪದೆ ಹೌಹಾರಿ ಉಸಿರೆಳೆದುಕೊಂಡಿತು. ಬೀಪ್‌ಗೂ ಅದಕ್ಕೂ ಕೆಲಸ ಒಂದೇ, ಶ್ರುತಿಯ ತಕರಾರಿಲ್ಲ.

ಅದನ್ನು ನೋಡಿಯೇ ಮುಂದಿನ ಯೋಜನೆ ಹುಟ್ಟಿದೆ: ತೊಗಲುಗೊಂಬೆ ಶೈಲಿಯಲ್ಲಿ, ಆ ಆಟದ ಹಾಸ್ಯದ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕ. ಬಾಯಿಗೆ ಬಂದದ್ದು ಆಡುವುದೇ ಕಿಳ್ಳೇಕ್ಯಾತನ ವೃತ್ತಿ, ಸಮಿತಿಗೆ ಅವನಿಗಿಂತ ಒಳ್ಳೆಯ ಗಿರಾಕಿ ಸಿಗಲಾರ. ತುಟಿ ಹೊಂದಿಸುವ ಗೋಳೇ ಇಲ್ಲ. ಬೀಪ್ ಬದಲು ತಾಳದ ಪೆಟ್ಟು. ತೊಗಲಿಗೆ ಬದಲಾಗಿ ಓಎಚ್‌ಪಿ ಶೀಟೆಂಬ ಪಾರದರ್ಶಕ ಹಾಳೆಗೆ ಗಾಜಿನ ಬಣ್ಣ ಬಳಿದು ಪರೀಕ್ಷೆ ನಡೆದಿದೆ, ಬಣ್ಣ ಒಣಗಿದ ಮೇಲೆ ಕೀಲಿನ ಹತ್ತಿರ ಸಿಪ್ಪೆ ಏಳುತ್ತಿದೆ. ತೂತು ಹೊಡೆದು ದಾರ ಕಟ್ಟಿದ ಮೇಲೆ ಬಣ್ಣ ಬಳಿಯುವುದು ಮುಂದಿನ ಪ್ರಯತ್ನ.

ಅದಕ್ಕೂ ಮೊದಲು ಮೂರನೇ ಚರಣದ ಹೀರೇಕಾಯಿ ಬಾಕಿ ಇದೆ. ‘ಹೀ’ ಗುರು, 8 ಫ್ರೇಮ್. ಅದನ್ನು ಮುಚ್ಚದೆ ಬಿಟ್ಟರೆ ಗಾಯಕ ಹಲ್ಲು ಕಿರಿದಂತೆ ಕೇಳುತ್ತದೆ. ‘ಬ’ದಂತೆ ಸಿಡಿಯುವ ವ್ಯಂಜನವೂ ಅಲ್ಲ, ಕತ್ತರಿ ಎಲ್ಲಿ ಹಾಕಬೇಕೆಂದು ವೇವ್‌ಫಾರ್ಮ್‌ನಲ್ಲಿ ಗುರುತೇ ಸಿಗುತ್ತಿಲ್ಲ. ಸದ್ಯಕ್ಕೆ 3 ಫ್ರೇಮ್ ಬಿಟ್ಟು ಕತ್ತರಿಸಿದೆ. ಪ್ರಾಸ ಕೆಡದೆ ಬೇರೆ ತರಕಾರಿ ಹೊಳೆದವರು ಹೇಳಿ, ಎರಡನೇ ಅಕ್ಷರ ‘ರ’ಕಾರವೇ ಇರಬೇಕು.