ನಿಲ್ದಾಣ ನಮ್ಮದು, ಬಸ್ಸು ನಮ್ಮದಲ್ಲ

ಅರ್ಜಿ ಹಾಕಿದ್ದು ನಾನು, ಸಮಿತಿಗೆ ಸೇರಿದ್ದು ಬೇರೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆ ಶನಿವಾರ ಬೆಳಿಗ್ಗೆ ವಾರ್ಡ್ ಸಭೆಗೆ ಹೊರಟಾಗ ನನ್ನ ತಲೆಯಲ್ಲಿ ಬಸ್ಸಿಗಿಂತ ಜಾಸ್ತಿ ತುಂಬಿದ್ದು ಆ ಸಿಟ್ಟೇ.

2019ರ ಆಗಸ್ಟ್. ಬೆಂಗಳೂರಿನ ವಾರ್ಡ್ ಸಮಿತಿಗಳಿಗೆ ಆಗಷ್ಟೇ ಜೀವ ಬರುತ್ತಿತ್ತು. ಕಾನೂನಿನಲ್ಲಿ ಅವು ಹಳೆಯವೇ. ಸಂವಿಧಾನದ 74ನೇ ತಿದ್ದುಪಡಿಯಲ್ಲೇ ಇವೆ, ಅದು ಜಾರಿಗೆ ಬಂದಿದ್ದು 1993ರಲ್ಲಿ. ಆದರೆ ನಮ್ಮೂರಲ್ಲಿ ಸಮಿತಿ ತಿಂಗಳಿಗೊಮ್ಮೆ ಸೇರಲೇಬೇಕು ಅಂತ ಆಗಿದ್ದು ಹೈಕೋರ್ಟ್ ಮತ್ತೆ ಮತ್ತೆ ಕೇಳಿದ ಮೇಲೆ, ನಾಗರಿಕರ ಗುಂಪುಗಳು ಹಟ ಹಿಡಿದ ಮೇಲೆ. 2018ರ ಕೊನೆಯ ಹೊತ್ತಿಗೆ ಪ್ರತಿ ತಿಂಗಳ ಮೊದಲ ಶನಿವಾರ ಸಭೆ ಅಂತ ನಿಗದಿಯಾಯಿತು. ಕಾರ್ಪೊರೇಟರ್ ಅಧ್ಯಕ್ಷರು. ಅವರ ಜೊತೆ ಹತ್ತು ಜನ ನಾಮನಿರ್ದೇಶಿತ ಸದಸ್ಯರು. ಅದರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕು.

ನಾನು ಸಂಘದ ಕಡೆಯಿಂದ ಅರ್ಜಿ ಕೊಟ್ಟಿದ್ದೆ. ನಿಯಮ ಓದಿದ್ದೆ, ನಕ್ಷೆ ಇಟ್ಟುಕೊಂಡಿದ್ದೆ, ಒಂದು ಫೈಲೇ ಮಾಡಿದ್ದೆ. ಪಟ್ಟಿ ಬಂದಾಗ ನನ್ನ ಹೆಸರಿರಲಿಲ್ಲ. ಇದ್ದ ಹೆಸರುಗಳಲ್ಲಿ ನನಗೆ ಗೊತ್ತಿದ್ದವು ಎರಡೋ ಮೂರೋ. ಒಬ್ಬರು ನಮ್ಮ ಹಿಂದಿನ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಹೆಂಗಸು. ಇವರಿಗೆ ಪಾಲಿಕೆ ಬಗ್ಗೆ ಏನು ಗೊತ್ತು ಅಂತ ಮನೆಯಲ್ಲಿ ಜೋರಾಗಿಯೇ ಅಂದಿದ್ದೆ. ಆ ಮಾತು ನೆನಪಾದಾಗ ಈಗಲೂ ನಾಚಿಕೆಯಾಗುತ್ತದೆ.

ನನಗೆ ಬೇಕಿದ್ದದ್ದು ಒಂದೇ. ನಮ್ಮ ಬಡಾವಣೆ ಕನಕಪುರ ರಸ್ತೆಯಿಂದ ಸಾಕಷ್ಟು ಒಳಗಿದೆ. ಹಸಿರು ಮಾರ್ಗದ ಮೆಟ್ರೋ 2017ರ ಜೂನ್‌ನಲ್ಲಿ ಯಲಚೇನಹಳ್ಳಿಗೆ ಬಂತು, ಆಗ ಅಲ್ಲಿಗೇ ಕೊನೆ. ಅಲ್ಲಿಗೆ ತಲುಪಿಬಿಟ್ಟರೆ ಮೆಜೆಸ್ಟಿಕ್ ಹತ್ತಿರ. ಆದರೆ ತಲುಪುವುದು ಹೇಗೆ? ಮುಖ್ಯರಸ್ತೆಯಲ್ಲಿ ಬಸ್ಸುಗಳು ಸಾಲಾಗಿ ಓಡುತ್ತವೆ, ಒಳಗೆ ಒಂದೂ ಬರುವುದಿಲ್ಲ. ಅಮ್ಮನಿಗೆ ಮಂಡಿನೋವು. ಮುಖ್ಯರಸ್ತೆಗೆ ನಡೆಯುವುದರಲ್ಲೇ ಅವರು ಎರಡು ಕಡೆ ಕೂತು ಸುಧಾರಿಸಿಕೊಳ್ಳುತ್ತಿದ್ದರು, ಒಮ್ಮೆ ಅಂಗಡಿ ಕಟ್ಟೆಯ ಮೇಲೆ, ಇನ್ನೊಮ್ಮೆ ಯಾರದೋ ಮನೆ ಗೇಟಿನ ಮೆಟ್ಟಿಲ ಮೇಲೆ.

ಸಭೆ ನಡೆದದ್ದು ವಾರ್ಡ್ ಕಚೇರಿಯ ಮೇಲಿನ ಹಾಲ್‌ನಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು, ಒಂದು ಉದ್ದ ಮೇಜು, ಇಂಜಿನಿಯರ್, ಹೆಲ್ತ್ ಇನ್‌ಸ್ಪೆಕ್ಟರ್, ನೋಡಲ್ ಅಧಿಕಾರಿ. ನಾವೊಂದಿಷ್ಟು ಜನ ಹಿಂದೆ ಕೂತೆವು. ಮೊದಲ ಒಂದು ಗಂಟೆ ಕಸ. ಆಮೇಲೆ ಬೀದಿ ದೀಪ. ಆಮೇಲೆ ಗುಂಡಿ. ಯಾವುದೂ ಸುಳ್ಳು ಸಮಸ್ಯೆಯಲ್ಲ, ಎಲ್ಲವೂ ಬೇಕಾದದ್ದೇ, ಆದರೂ ನಾನು ಗಡಿಯಾರ ನೋಡುತ್ತಾ ಕೂತಿದ್ದೆ. ಕೊನೆಗೆ ಸಾರ್ವಜನಿಕರು ಮಾತಾಡಬಹುದು ಅಂದರು.

ಎದ್ದು ಫೈಲ್ ಬಿಚ್ಚಿದೆ. ನಮ್ಮ ಬಡಾವಣೆಯಿಂದ ಮೆಟ್ರೋ ನಿಲ್ದಾಣಕ್ಕೆ ಫೀಡರ್ ಬಸ್ ಬೇಕು, ಸಮಿತಿ ನಿರ್ಣಯ ಮಾಡಬೇಕು ಅಂದೆ. ಕಾರ್ಪೊರೇಟರ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: "ಸಾರ್, ಬಸ್ಸು ನಮ್ಮ ಕೈಲಿಲ್ಲ. ಬಸ್ ಸ್ಟಾಪ್ ಕೇಳಿ, ಹಾಕಿಸಿಕೊಡ್ತೀನಿ."

ಬಸ್ಸೇ ಬರದ ಬೀದಿಗೆ ಸ್ಟಾಪ್ ಯಾಕೆ ಅಂತ ನಾನು ಕೇಳಿದೆ. ಅವರ ಹತ್ತಿರ ಉತ್ತರ ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ.

ಅದು ನನಗೆ ಅರ್ಥವಾಗಿದ್ದು ಅವತ್ತು ರಾತ್ರಿ. ಸಂವಿಧಾನದ 12ನೇ ಪರಿಚ್ಛೇದದಲ್ಲಿ ನಗರಾಡಳಿತಕ್ಕೆ ಕೊಡಬಹುದಾದ 18 ಕೆಲಸಗಳ ಪಟ್ಟಿ ಇದೆ. ಅದರಲ್ಲಿ 17ನೆಯದನ್ನು ಓದಿ: ಬೀದಿ ದೀಪ, ಪಾರ್ಕಿಂಗ್ ಜಾಗ, ಬಸ್ ನಿಲ್ದಾಣ, ಸಾರ್ವಜನಿಕ ಶೌಚಾಲಯದಂಥ ಸೌಲಭ್ಯಗಳು. ಬಸ್ ನಿಲ್ದಾಣ ಇದೆ, ಬಸ್ಸು ಇಲ್ಲ. ಕಾರ್ಪೊರೇಟರ್ ಹೇಳಿದ್ದು ಅಕ್ಷರಶಃ ಅದೇ.

ಇನ್ನೂ ಹುಡುಕುತ್ತಾ ಹೋದೆ. ಆಗ ಬಿಬಿಎಂಪಿಯಲ್ಲಿ 198 ವಾರ್ಡುಗಳು, 12 ಸ್ಥಾಯಿ ಸಮಿತಿಗಳು. ತೆರಿಗೆ ಮತ್ತು ಹಣಕಾಸು, ಆರೋಗ್ಯ, ನಗರ ಯೋಜನೆ, ಬೃಹತ್ ಕಾಮಗಾರಿ, ವಾರ್ಡ್ ಮಟ್ಟದ ಕಾಮಗಾರಿ, ಲೆಕ್ಕಪತ್ರ, ಶಿಕ್ಷಣ, ಸಾಮಾಜಿಕ ನ್ಯಾಯ, ಅಪೀಲು, ತೋಟಗಾರಿಕೆ, ಮಾರುಕಟ್ಟೆ, ಆಡಳಿತ ಸುಧಾರಣೆ. ಎರಡು ಸಲ ಎಣಿಸಿದೆ. ಸಾರಿಗೆಗೆ ಒಂದು ಸಮಿತಿ ಇಲ್ಲ. ದಿನಾ ಲಕ್ಷಾಂತರ ಜನ ಬಸ್ಸು ಹತ್ತುವ ಊರಿನ ಕೌನ್ಸಿಲ್‌ನಲ್ಲಿ ತೋಟಗಾರಿಕೆಗೆ ಸಮಿತಿಯಿದೆ, ಮಾರುಕಟ್ಟೆಗೆ ಇದೆ, ಬಸ್ಸಿಗೆ ಇಲ್ಲ. ಮೇಯರ್ ಅವಧಿ ಆಗ ಒಂದೇ ವರ್ಷ, ಸ್ಥಾಯಿ ಸಮಿತಿಯದೂ ಒಂದೇ ವರ್ಷ. ಯಾರಿಗೆ ಯಾವ ಸಮಿತಿ, ಯಾವ ಪಕ್ಷಕ್ಕೆ ಎಷ್ಟು, ಪಕ್ಷೇತರರಿಗೆ ಏನು ಅಂತ ವಾರಗಟ್ಟಲೆ ಚರ್ಚೆ ನಡೆದು, ಅಧ್ಯಕ್ಷರು ಬಂದು ಕೂತು, ಕೆಲಸ ಏನು ಅಂತ ತಿಳಿದುಕೊಳ್ಳುವ ಹೊತ್ತಿಗೆ ಮುಂದಿನ ವರ್ಷದ ಲೆಕ್ಕಾಚಾರ ಶುರು. ಒಂದು ಬಸ್ ಮಾರ್ಗ ನೆಲೆಯೂರುವುದಕ್ಕೂ ಅಷ್ಟು ಸಮಯ ಸಾಲದು.

ಬಸ್ಸು ಯಾರ ಕೈಲಿದೆ ಹಾಗಾದರೆ? ನಮ್ಮ ಅಮ್ಮ ಈಗಲೂ ಅದನ್ನು ಬಿಟಿಎಸ್ ಬಸ್ಸು ಅಂತಲೇ ಕರೆಯುತ್ತಾರೆ. 1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆಯಾಗಿ ಬಿಎಂಟಿಸಿ ಆಯಿತು. ಹೆಸರು ಬದಲಾಯಿತು, ಆದರೆ ಒಡೆತನ ರಾಜ್ಯ ಸರ್ಕಾರದ್ದೇ, ಅಧ್ಯಕ್ಷರನ್ನು ನೇಮಿಸುವುದೂ ರಾಜ್ಯ ಸರ್ಕಾರವೇ. ಮೆಟ್ರೋಗೆ ಇನ್ನೊಂದು ಸಂಸ್ಥೆ, ಅದು ಕೇಂದ್ರ ಮತ್ತು ರಾಜ್ಯದ ಜಂಟಿ ಕಂಪನಿ. ಸಿಗ್ನಲ್ ಮತ್ತು ಪಾರ್ಕಿಂಗ್ ದಂಡ ಪೊಲೀಸರದು. ಫುಟ್‌ಪಾತ್, ರಸ್ತೆ, ಚರಂಡಿ ಪಾಲಿಕೆಯದು. ಅಮ್ಮ ಮನೆಯಿಂದ ಮೆಟ್ರೋವರೆಗೆ ಹೋಗುವ ಒಂದು ಸಣ್ಣ ಪ್ರಯಾಣದಲ್ಲಿ ಇಷ್ಟು ಜನರ ಗಡಿ ದಾಟಬೇಕು.

ನಮ್ಮ ಸೋದರಮಾವ ಬಹಳ ವರ್ಷ ಮುಂಬೈನ ಮಾಟುಂಗಾದಲ್ಲಿದ್ದವರು. ಮರುದಿನ ಫೋನಿನಲ್ಲಿ ಇದನ್ನೆಲ್ಲ ಹೇಳಿಕೊಂಡಾಗ ಅವರಿಗೆ ಆಶ್ಚರ್ಯ. "ನಮ್ಮಲ್ಲಿ ಬೆಸ್ಟ್ ಬಸ್ಸು ಪಾಲಿಕೆಯದೇ ಅಲ್ವಾ, ಅದಕ್ಕೆ ಬೆಸ್ಟ್ ಸಮಿತಿ ಅಂತಲೇ ಇದೆ" ಅಂದರು. ಹೌದು. 1947ರಲ್ಲಿ ಮುಂಬೈ ಪಾಲಿಕೆ ಆ ಕಂಪನಿಯನ್ನು ಕೊಂಡುಕೊಂಡಿತು. ಬಸ್ ದರ, ಮಾರ್ಗ, ಬಜೆಟ್ಟು ಆ ಸಮಿತಿಯ ಮುಂದೆ ಬರುತ್ತಿದ್ದವು. ಅಹಮದಾಬಾದ್‌ನಲ್ಲೂ ಪಾಲಿಕೆಯೇ ಬಸ್ಸು ಓಡಿಸುತ್ತದೆ. ಅಲ್ಲಿ ಎಲ್ಲ ಸರಿಯಿದೆ ಅಂತ ನಾನು ಹೇಳುತ್ತಿಲ್ಲ. ಬೆಸ್ಟ್‌ನ ನಷ್ಟದ ಕಥೆ ಎಲ್ಲರಿಗೂ ಗೊತ್ತು. ಆದರೆ ನಮ್ಮ ಬೀದಿಗೆ ಬಸ್ ಬೇಕು ಅಂದರೆ ಕಾರ್ಪೊರೇಟರ್ ಎದ್ದು ಕೇಳುವುದಕ್ಕೆ ಅಲ್ಲಿ ಒಂದು ಜಾಗವಿತ್ತು. ಇಲ್ಲಿ ಆ ಜಾಗವೇ ಇಲ್ಲ.

ಸಭೆಗೆ ವಾಪಸ್ ಬರುತ್ತೇನೆ. ನಿಜವಾದ ವಿಷಯ ನಡೆದದ್ದು ಅಲ್ಲೇ.

ನಾನು ಮುಖ ಗಂಟು ಹಾಕಿಕೊಂಡು ಕೂತ ಮೇಲೆ ಆ ಟೈಲರ್ ಹೆಂಗಸು ಮಾತಾಡಿದರು. ಅಲ್ಲಿಯವರೆಗೆ ಅವರು ಬಾಯಿ ಬಿಟ್ಟಿರಲಿಲ್ಲ. ಬ್ಯಾಗಿನಿಂದ ಮಗಳ ಹಳೆಯ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಪುಟದ ತುಂಬ ಪೆನ್ಸಿಲ್ ಗೀಟುಗಳು. ಅವರ ಮಿಷನ್ ಇರುವುದು ಕಿಟಕಿಯ ಪಕ್ಕ, ಕಿಟಕಿ ಇರುವುದು ಬೀದಿಯ ತಿರುವಿಗೆ ಎದುರಾಗಿ. ಮೂರು ದಿನ ಬೆಳಿಗ್ಗೆ ಆ ತಿರುವಿನಲ್ಲಿ ಮುಖ್ಯರಸ್ತೆ ಕಡೆ ನಡೆದು ಹೋಗುವವರನ್ನು ಎಣಿಸಿದ್ದರು. ಗಂಟೆಗೆ ಒಂದು ಸಾಲು. ಹೆಂಗಸರಿಗೆ ಉದ್ದ ಗೀಟು, ಗಂಡಸರಿಗೆ ಸಣ್ಣ ಗೀಟು, ಶಾಲೆ ಮಕ್ಕಳಿಗೆ ಚುಕ್ಕೆ.

"ಸಾರ್ ಹೇಳಿದ್ದು ಸರಿ, ಬಸ್ ಬೇಕು" ಅಂದರು ನನ್ನ ಕಡೆ ನೋಡಿ. "ಆದ್ರೆ ಬಸ್ ಬೇಕು ಅಂತ ಮಾತ್ರ ಬರೆದ್ರೆ ಯಾರೂ ಕೊಡಲ್ಲ. ಎಷ್ಟು ಗಂಟೆಗೆ ಬೇಕು ಅಂತ ಬರೀರಿ."

ಅವರು ಮೊದಲು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದವರು. ಹತ್ತು ನಿಮಿಷ ತಡವಾದರೆ ಗೇಟಿನಲ್ಲಿ ಏನಾಗುತ್ತದೆ ಅಂತ ಗೊತ್ತಿದ್ದವರು. ನನ್ನ ಫೈಲಿನಲ್ಲಿ ಎಲ್ಲ ಬಸ್ಸುಗಳೂ ಒಂಬತ್ತು ಗಂಟೆಗೆ ಮೆಟ್ರೋಗೆ ಹೋಗುತ್ತಿದ್ದವು, ಯಾಕೆಂದರೆ ನಾನು ಹೋಗುತ್ತಿದ್ದದ್ದು ಆಗ. ಅವರ ಪುಟದಲ್ಲಿ ಗೀಟುಗಳು ದಟ್ಟವಾಗಿದ್ದದ್ದು ಆರರಿಂದ ಏಳೂವರೆಯೊಳಗೆ. ಮನೆಗೆಲಸಕ್ಕೆ ಹೋಗುವವರು, ಗಾರ್ಮೆಂಟ್ಸ್‌ನವರು, ಹೂ ತರುವುದಕ್ಕೆ ಮಾರ್ಕೆಟ್‌ಗೆ ಹೋಗುವವರು. ಆ ಹೊತ್ತಿನಲ್ಲಿ ನಮ್ಮ ಬೀದಿಯಲ್ಲಿ ಅಷ್ಟು ಜನ ನಡೆಯುತ್ತಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಅಲ್ಲೇ ಇದ್ದೇನೆ.

ಸಮಿತಿಗೆ ಯಾರು ಬೇಕು ಅನ್ನುವ ಬಗ್ಗೆ ನನ್ನ ಯೋಚನೆ ಅವತ್ತು ಬದಲಾಯಿತು. ಮೂವರು ಮಹಿಳೆಯರು ಇರಲೇಬೇಕು ಅಂತ ನಿಯಮದಲ್ಲಿ ಬರೆದವರು ಯಾರೋ ನನಗೆ ಗೊತ್ತಿಲ್ಲ. ಆ ಸಾಲು ಇಲ್ಲದಿದ್ದರೆ ಆ ಕುರ್ಚಿಯಲ್ಲಿ ನನ್ನಂಥವರೇ ಹತ್ತು ಜನ ಕೂತಿರುತ್ತಿದ್ದೆವು, ಒಂಬತ್ತು ಗಂಟೆಯ ಬಸ್ಸು ಕೇಳುತ್ತಾ.

ಸಭೆ ಮುಗಿದ ಮೇಲೆ ಇಂಜಿನಿಯರ್, ಆ ಅಕ್ಕ, ನಾನು, ಇನ್ನಿಬ್ಬರು ಸದಸ್ಯರು ಸೇರಿ ಮಾರ್ಗ ನಡೆದು ನೋಡಿದೆವು. ಬಿಸಿಲು ಏರಿತ್ತು. ಎಲ್ಲಿ ಬಸ್ಸು ತಿರುಗಬಹುದು, ಎಲ್ಲಿ ಆಗುವುದಿಲ್ಲ ಅಂತ ನಿಂತು ನಿಂತು ನೋಡಿದೆವು. ಒಂದು ಕಡೆ ಚರಂಡಿಯ ಚಪ್ಪಡಿ ಮುರಿದಿತ್ತು. ಇನ್ನೊಂದು ಕಡೆ ಎರಡೂ ಬದಿಗೆ ಕಾರು ನಿಲ್ಲಿಸಿ ಆಟೋ ಹೋಗುವಷ್ಟೇ ಜಾಗ ಉಳಿದಿತ್ತು. ಆ ಕಾರುಗಳಲ್ಲಿ ಒಂದು ನಮ್ಮ ಸಂಘದ ಪದಾಧಿಕಾರಿಯದೇ. ಬಸ್ಸು ಪಾಲಿಕೆಯ ಕೈಲಿಲ್ಲ, ನಿಜ. ಆದರೆ ಬಸ್ಸು ಬರುವ ದಾರಿ ಅವರ ಕೈಲಿದೆ, ನಮ್ಮ ಕೈಲೂ ಇದೆ. ಚಪ್ಪಡಿ, ಕೊಂಬೆ, ಪಾರ್ಕಿಂಗ್, ಒಂದು ಲೈಟು. ಇವನ್ನೆಲ್ಲ ಮಿನಿಟ್ಸ್‌ನಲ್ಲಿ ಬರೆಸಿದ್ದು ಅಕ್ಕನೇ. ಬರೆದಿದ್ದನ್ನು ಓದಿ ಹೇಳಿ ಅಂತ ಪಟ್ಟು ಹಿಡಿದು, ಓದಿಸಿ, ಆಮೇಲೇ ಸಹಿ ಹಾಕಿದರು.

ಮುಂದಿನ ವಾರ ನಾವಿಬ್ಬರೂ ಆ ಮಿನಿಟ್ಸ್ ಪ್ರತಿ, ನೋಟ್‌ಬುಕ್ ಹಿಡಿದುಕೊಂಡು ಡಿಪೋಗೆ ಹೋದೆವು. ಅಲ್ಲಿನ ಅಧಿಕಾರಿ ತಾಳ್ಮೆಯಿಂದ ವಿವರಿಸಿದರು. ಸುಮ್ನೆ ನಿಂತಿರುವ ಬಸ್ಸು ಅಂತ ಒಂದೂ ಇರುವುದಿಲ್ಲ. ಹೊಸ ಟ್ರಿಪ್ ಕೊಡಬೇಕಾದರೆ ಇನ್ನೊಂದು ಶೆಡ್ಯೂಲ್‌ನಿಂದ ತೆಗೆಯಬೇಕು, ಅಂದರೆ ಇನ್ಯಾವುದೋ ಬಡಾವಣೆಯ ಜನ ಕಾಯಬೇಕು. ಡ್ರೈವರ್, ಕಂಡಕ್ಟರ್ ಡ್ಯೂಟಿಯ ಗಂಟೆ ನೋಡಬೇಕು. ಕಿಲೋಮೀಟರಿಗೆ ಎಷ್ಟು ಗಳಿಕೆ ಅಂತ ಮೇಲಿನವರು ಕೇಳುತ್ತಾರೆ. ಇಷ್ಟೆಲ್ಲ ಹೇಳಿದವರು ನೋಟ್‌ಬುಕ್ ತಿರುವಿ ಹಾಕಿ, ಗೀಟುಗಳ ಮೇಲೆ ಬೆರಳಾಡಿಸಿ, ಬೆಳಗಿನ ಮೊದಲ ಪಾಳಿಯಲ್ಲಿ ಡಿಪೋದಿಂದ ಖಾಲಿ ಹೋಗುವ ಬಸ್ಸೊಂದನ್ನು ಈ ಕಡೆಯಿಂದ ಕಳಿಸಬಹುದೇನೋ ನೋಡೋಣ ಅಂದರು. ಆ ಖಾಲಿ ಓಟಕ್ಕೆ ಅವರು ಡೆಡ್ ಕಿಲೋಮೀಟರ್ ಅನ್ನುತ್ತಾರೆ. ಆ ಹೆಸರು ನಾನು ಮೊದಲ ಸಲ ಕೇಳಿದ್ದು ಅಲ್ಲೇ.

ನವೆಂಬರ್‌ನಲ್ಲಿ ಬಸ್ಸು ಬಂತು. ಬೆಳಿಗ್ಗೆ ಎರಡು ಟ್ರಿಪ್, ಸಂಜೆ ಎರಡು. ಮೊದಲ ದಿನ ಆರಕ್ಕೆ ಹತ್ತು ನಿಮಿಷ ಇರುವಾಗ ಕತ್ತಲಲ್ಲಿ ಅದರ ದೀಪ ತಿರುವಿನಲ್ಲಿ ಕಂಡಾಗ ಹೆಂಗಸರೆಲ್ಲ ಒಟ್ಟಿಗೆ "ಬಂತು" ಅಂದರು. ಅಕ್ಕನ ಮಗಳು ತಿರುವಿನ ಕಾಂಪೌಂಡ್ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಸಮಯ ಬರೆದಳು: 5.50, 6.40. ಪಕ್ಕದಲ್ಲಿ ಸಂಜೆಯದು. ಅಮ್ಮ ಒಂದು ಸಲ 6.40ರ ಬಸ್ಸಿನಲ್ಲಿ ಕೂತು ಹೋಗಿ, ಮೆಟ್ರೋದಲ್ಲಿ ಮೆಜೆಸ್ಟಿಕ್ ನೋಡಿಕೊಂಡು ವಾಪಸ್ ಬಂದರು. ಯಾವ ಕೆಲಸವೂ ಇರಲಿಲ್ಲ ಅವರಿಗೆ.

ನಾಲ್ಕೇ ತಿಂಗಳು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಬಸ್ಸು ನಿಂತಿತು. ಅದೇ ವರ್ಷ ಸೆಪ್ಟೆಂಬರ್ 10ಕ್ಕೆ ಕೌನ್ಸಿಲ್ ಅವಧಿಯೂ ಮುಗಿಯಿತು. ಆಮೇಲೆ ಐದು ವರ್ಷ ಕಳೆದರೂ ಚುನಾವಣೆಯೇ ಆಗಲಿಲ್ಲ. ನಮ್ಮ ವಾರ್ಡಿನ ಸಭೆಗಳು ಕೆಲವು ತಿಂಗಳು ತೆವಳಿಕೊಂಡು ನಡೆದು ನಿಂತವು. ಬಸ್ಸು ಮತ್ತೆ ಕೇಳೋಣ ಅಂದರೆ ನಿರ್ಣಯ ಮಾಡುವ ಮೇಜೇ ಇಲ್ಲ. 2021ರ ಜನವರಿಯಲ್ಲಿ ಮೆಟ್ರೋ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಬಂತು. ನಿಲ್ದಾಣ ಹತ್ತಿರವಾಯಿತು, ನನಗೆ ಅನುಕೂಲವೇ ಆಯಿತು. ಆದರೆ ಮುಖ್ಯರಸ್ತೆವರೆಗಿನ ನಡಿಗೆ ಹಾಗೇ ಉಳಿಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಟಿಕೆಟ್ ಉಚಿತವಾದಾಗ ಅಕ್ಕ ಹೇಳಿದ್ದು ಒಂದೇ ಮಾತು: "ಟಿಕೆಟ್ ಫ್ರೀ ಆಯ್ತು, ಬಸ್ಸು ಎಲ್ಲಿ?"

ಮಧ್ಯೆ ಸಾರಿಗೆಗೆ ಒಂದು ಪ್ರಾಧಿಕಾರ ಮಾಡಲು 2022ರಲ್ಲಿ ಕಾಯ್ದೆ ಬಂತು. ಬಸ್ಸು, ಮೆಟ್ರೋ, ರಸ್ತೆ ಎಲ್ಲವನ್ನೂ ಒಂದೇ ಕಡೆ ಯೋಚಿಸುವುದಕ್ಕೆ. ಆಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಎರಡೂ ಪ್ರಾಧಿಕಾರಗಳಿಗೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಒಂದೇ ಮೇಜಿಗೆ ಎಲ್ಲರನ್ನೂ ಕೂರಿಸುವುದು ಒಳ್ಳೆಯದೇ, ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಆ ಮೇಜು ತುಂಬಾ ಎತ್ತರದಲ್ಲಿದೆ. ಅಷ್ಟು ಎತ್ತರಕ್ಕೆ ಪೆನ್ಸಿಲ್ ಗೀಟಿನ ನೋಟ್‌ಬುಕ್ ಮುಟ್ಟಬೇಕಾದರೆ ಕೆಳಗೆ ವಾರ್ಡಿನಲ್ಲಿ ಒಂದು ಮೇಜು ಇರಲೇಬೇಕು, ಪಾಲಿಕೆಯಲ್ಲಿ ಸಾರಿಗೆ ಅಂತ ಹೆಸರಿರುವ ಒಂದು ಸಮಿತಿ ಇರಲೇಬೇಕು. ಹೊಸ ಪಾಲಿಕೆಗಳಲ್ಲಿ ಸಮಿತಿ ಹಂಚಿಕೆ ನಡೆಯುವಾಗ ನಾನು ಕೇಳುವುದು ಇದೊಂದನ್ನೇ.

ಹೊಸ ವಾರ್ಡುಗಳ ಕರಡು ಪಟ್ಟಿ ಬಂದ ದಿನ ಸಂಜೆ ಅಕ್ಕನ ಮನೆಗೆ ಹೋಗಿದ್ದೆ, ನಮ್ಮ ಬೀದಿ ಯಾವ ವಾರ್ಡಿಗೆ ಬಿದ್ದಿದೆ ಅಂತ ಹೇಳುವುದಕ್ಕೆ. ಅವರು ಮಿಷನ್ ನಿಲ್ಲಿಸಿ ಕೇಳಿಸಿಕೊಂಡರು. ಆಮೇಲೆ ಒಳಗೆ ಹೋಗಿ ಹೊಸದೊಂದು ನೋಟ್‌ಬುಕ್ ತಂದು ತೋರಿಸಿದರು. ಸೋಮವಾರದಿಂದ ಎಣಿಸುತ್ತಿದ್ದಾರಂತೆ. ಈ ಸಲ ಸಂಜೆಯದೂ ಇತ್ತು.