ರಾಗಿಯ ಕಾಲು, 17ನೇ ದಿನ: ಬ್ಯಾಂಡೇಜು ಉಳಿಯಿತು

ನಮ್ಮ ಮೊಲ ರಾಗಿಯ ಮುರಿದ ಕಾಲಿನ ಮೇಲೆ 4 ಹಗಲು, 4 ರಾತ್ರಿ, ಒಂದೇ ಬ್ಯಾಂಡೇಜು! ಮೊಲ ಸಾಕಿದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಇದಕ್ಕೆ ಮುಂಚಿನ 5ರಲ್ಲಿ ಅತಿ ಹೆಚ್ಚು ಬಾಳಿದ್ದು 40 ಗಂಟೆ.

ಕಾಲು ಹೇಗೆ ಮುರಿಯಿತು, ನೋವಿನ ಔಷಧಿ ಮೆಲೊಕ್ಸಿಕಾಮ್ ಕುಡಿಸುವಾಗ ಯಾರ ಅಂಗಿ ಹಾಳಾಯಿತು, ಅದೆಲ್ಲ ಬೇಡ. ಹಿಂದಿನ ಎಡಗಾಲು, ಮಂಡಿಯ ಕೆಳಗಿನ ಮೂಳೆ, ಸ್ಪ್ಲಿಂಟು, ಚಿಕ್ಕ ಗೂಡಿನಲ್ಲಿ ವಿಶ್ರಾಂತಿ. ಹಿಕ್ಕೆ ಎಣಿಸುವ ಹುದ್ದೆ ನನ್ನದು. ಮನೆಗೆ ಬಂದವರೆಲ್ಲ "ನೀನು ಹಿಡಿದ ಮೊಲಕ್ಕೆ ಮೂರೇ ಕಾಲು" ಅಂತ ಹೇಳಿ, ಜಗತ್ತಿನಲ್ಲಿ ತಮಗೇ ಮೊದಲು ಹೊಳೆದ ಹಾಗೆ ನಗುತ್ತಾರೆ. ಆ ಗಾದೆ ಹೇಳಿದವರಿಗೆ ಈಗ ನಮ್ಮ ಮನೆಯಲ್ಲಿ ಕಾಫಿ ಇಲ್ಲ.

ತೊಂದರೆ ಒಂದೇ: ರಾಗಿ ಬ್ಯಾಂಡೇಜು ಕಡಿಯುತ್ತಿದ್ದಳು. ಕಡಿದಾಗಲೆಲ್ಲ ಆಟೋ, ಕ್ಲಿನಿಕ್ಕು, ಮತ್ತೆ ಸುತ್ತಿಸುವುದು. ದುಡ್ಡಿನ ಮಾತು ಹಾಗಿರಲಿ, ಮೊಲದ ಅಸ್ಥಿಪಂಜರ ಅದರ ಮೈತೂಕದ ಸುಮಾರು 8%, ಬೆಕ್ಕಿನದು 12-13%. ಆ ಹಗುರ ಮೂಳೆಯ ಮೇಲೆ ಆ ದಪ್ಪ ತೊಡೆ. ಸರಿಯಾಗಿ ಹಿಡಿಯದಿದ್ದರೆ ಒಂದೇ ಒದೆತಕ್ಕೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಂಡೀತು. ಪ್ರತಿ ಸಲ ಮೇಜಿನ ಮೇಲಿಟ್ಟಾಗ ನನ್ನ ಜೀವ ಬಾಯಿಗೆ ಬರುತ್ತಿತ್ತು.

ನಾನು ಹಲ್ಲಿನ ಜೊತೆ ಯುದ್ಧಕ್ಕಿಳಿದೆ. ಹಾಗಲಕಾಯಿ ರಸ ಸವರಿದೆ, ಚಟ್ನಿಯ ಹಾಗೆ ನೆಕ್ಕಿದಳು. ಮಗಳ ಹಳೇ ಸಾಕ್ಸು ಹಾಕಿದೆ, ಬೆಳಿಗ್ಗೆ ಸಾಕ್ಸಿನ ಅರ್ಧ ಕಾಣಲಿಲ್ಲ. ಇನ್ನರ್ಧ ಎಲ್ಲಿ ಹೋಯಿತು ಎಂಬ ಚಿಂತೆಯಲ್ಲಿ ಒಂದು ದಿನ ಕಳೆಯಿತು (ಸೋಫಾ ಕೆಳಗೆ ಸಿಕ್ಕಿತು). ಆಮೇಲೆ ಕುತ್ತಿಗೆಗೆ ಪ್ಲಾಸ್ಟಿಕ್ ಕೊರಳಪಟ್ಟಿ. ಒಂದೇ ರಾತ್ರಿ. ರಾತ್ರಿ ಹಾಕುವ ಮೆತ್ತನೆ ಹಿಕ್ಕೆಯನ್ನು (ಮೊಲಗಳಿಗೆ ಅದೂ ಆಹಾರವೇ) ಅವಳು ನೇರವಾಗಿ ಬಾಯಿ ಹಾಕಿ ತಿನ್ನಬೇಕಲ್ಲ, ಪಟ್ಟಿ ಬಿಡಲಿಲ್ಲ. ಬೆಳಿಗ್ಗೆ ದ್ರಾಕ್ಷಿ ಗೊಂಚಲಿನ ಹಾಗೆ ಬಾಲಕ್ಕೆ ಅಂಟಿತ್ತು. ಹುಲ್ಲು ಮುಟ್ಟಿರಲಿಲ್ಲ. ಹೊಟ್ಟೆ ನಿಂತರೆ ಕಾಲು ಸರಿಯಾಗಿ ಏನು ಬಂತು? ಪಟ್ಟಿ ಅಟ್ಟ ಸೇರಿತು.

11ನೇ ರಾತ್ರಿ ಹಳೇ ಮೊಬೈಲನ್ನು ಗೂಡಿನ ಪಕ್ಕ ನಿಲ್ಲಿಸಿ ವಿಡಿಯೋ ಹಾಕಿದೆ. ನಾಲ್ಕು ಗಂಟೆಯ ಹೊತ್ತಿಗೆ ಮೇಡಂ ಎದ್ದರು. ಮೊದಲು ಮೂಸಿದಳು, ಆಮೇಲೆ ನೆಕ್ಕಿದಳು, ಕೊನೆಗೆ ಹಲ್ಲು. ಸ್ಪ್ಲಿಂಟು ಪೂರ್ತಿ ಬಿಟ್ಟು ಹಿಮ್ಮಡಿಯ ಹತ್ತಿರದ ಅಂಚು ಮಾತ್ರ. ಎದ್ದು ಹೋಗಿ ಅಲ್ಲಿ ಟಿಶ್ಯೂ ಒತ್ತಿದೆ. ಹಳದಿ. ಮೂಸಿ ನೋಡಿದೆ. (ನೋಡಬಾರದಿತ್ತು.)

ಗುಟ್ಟು ಅಲ್ಲಿತ್ತು. ಕಾಲು ಮಡಚಲಾಗದೆ ಕೂತಲ್ಲೇ ಉಚ್ಚೆ ಹೊಯ್ಯುತ್ತಿದ್ದಳು, ಬ್ಯಾಂಡೇಜಿನ ಅಂಚು ಅದನ್ನು ಹೀರುತ್ತಿತ್ತು. ಒದ್ದೆ ಬಟ್ಟೆ ಕಟ್ಟಿಕೊಂಡು ನಾವಾದರೂ ಸುಮ್ಮನಿರುತ್ತೇವೆಯೇ?

ಆದರೆ ಕೆಳಗೆ ಫ್ಲೀಸು ಹಾಸಿತ್ತಲ್ಲ, ಒದ್ದೆಯನ್ನು ಅಡಿಗೆ ಇಳಿಸಿ ಮೇಲೆ ಒಣಗಿರಬೇಕಾದ ಮೆತ್ತನೆ ಸಿಂಥೆಟಿಕ್ ಬಟ್ಟೆ! ಮೊಲಕ್ಕೆ ನಾಯಿಯ ಹಾಗೆ ಅಂಗಾಲಿನ ಮೆತ್ತೆ ಇಲ್ಲ, ಬರೀ ಕೂದಲು. ಟೈಲ್ಸ್ ಮೇಲೆ ಜಾರುತ್ತದೆ ಅಂತ 2ನೇ ದಿನವೇ ತರಿಸಿದ್ದೆ. ಅದರ ಮೇಲೆ ಒಂದು ಚಮಚ ನೀರು ಬಿಟ್ಟೆ. ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಗುಂಡಗೆ ಕೂತಿತು. ಹೊಸ ಫ್ಲೀಸು ನೀರನ್ನು ಒಳಗೆ ಬಿಡುವುದಿಲ್ಲ, ನಾಲ್ಕಾರು ಸಲ ಒಗೆದ ಮೇಲೆಯೇ ದಾರಿ ಕೊಡುತ್ತದೆ. ಅಮ್ಮ ಪ್ರೀತಿಯಿಂದ ಅದನ್ನು ಫ್ಯಾಬ್ರಿಕ್ ಕಂಡೀಷನರ್ ಹಾಕಿ ಒಗೆದಿದ್ದರು. ಅದರ ಲೇಪ ಬೇರೆ. ಮಲ್ಲಿಗೆ ಪರಿಮಳದ ಕೆರೆಯ ಮೇಲೆ ರಾಗಿ ಕೂತಿದ್ದಳು.

ಬಿಸಿನೀರು, ಬರೀ ಸೋಪಿನ ಪುಡಿ, 4 ಸಲ. ಚಮಚದ ನೀರು ಈಗ ಕೂಡಲೇ ಇಳಿದುಹೋಯಿತು. ಅಡಿಯಲ್ಲಿ ಅಪ್ಪನ ಹಳೇ ಪಂಚೆ, ನಾಲ್ಕು ಮಡಿಕೆ. ಮೇಲೆ ಒಣ, ಕೆಳಗೆ ಒದ್ದೆ. 13ನೇ ದಿನ ಹೊಸ ಬ್ಯಾಂಡೇಜು, ಅದೇ ಇಂದಿಗೂ ಇದೆ. ಹಾಗಲಕಾಯಿ ಪಲ್ಯಕ್ಕೆ ಹೋಯಿತು.

ಬದಲಿಗಿರಲಿ ಅಂತ ಇನ್ನೊಂದು ಫ್ಲೀಸು ತರಿಸಿದರೆ ಬಂದದ್ದು ಎಳೆ ಎಳೆ ಸುರುಳಿಯ ಟವೆಲ್ ಬಟ್ಟೆ. ಉಗುರು ಸಿಕ್ಕಿಕೊಂಡರೆ ಇನ್ನೊಂದು ಕಾಲೂ ಹೋದೀತು. ಟಿಮೊತಿ ಹುಲ್ಲು (ಮೊಲಕ್ಕೆ ಹಾಕುವ ಒಣಹುಲ್ಲು) ಮಾರುವವನದು ಬೇರೆ ಕತೆ: 1 ಕೆಜಿ ಪೊಟ್ಟಣವನ್ನು ಜರಡಿ ಹಿಡಿದರೆ 180 ಗ್ರಾಂ ಧೂಳು. ಕೇಳಿದ್ದಕ್ಕೆ "ನ್ಯಾಚುರಲ್ ಪ್ರಾಡಕ್ಟ್ ಸರ್" ಅಂದ.

ಹಾಗಾಗಿ ಮುಂದಿನ ಯೋಜನೆ ತಾರಸಿಯ ಮೇಲೆ, ಗ್ರೋಬ್ಯಾಗಿನಲ್ಲಿ ಗರಿಕೆ. ಈಗ ದೇವರಾಜ ಮಾರುಕಟ್ಟೆಯಿಂದ ತರುತ್ತಿದ್ದೇನೆ. ಗಣಪತಿಗೆ 21 ಸಾಕು, ಇವಳಿಗೆ ದಿನಕ್ಕೊಂದು ಕಟ್ಟು. ಸಂಕಷ್ಟಿ ಇಲ್ಲದ ದಿನವೂ ಹೋಗಿ ನಿಲ್ಲುವ ನನ್ನನ್ನು ಹೂವಿನ ಅಜ್ಜಿ ಮಹಾ ದೈವಭಕ್ತ ಅಂದುಕೊಂಡಿದ್ದಾರೆ, ಒಂದೆರಡು ಎಸಳು ತುಳಸಿ ಬಿಟ್ಟಿ ಕೊಡುತ್ತಾರೆ. ಮೊದಲು 6 ಚೀಲ. ನೆರಳಲ್ಲಿ ಒಣಗಿಸಲು ಮಂಚದ ಹಳೇ ನವಾರು ಸಾಕೇ, ಸೊಳ್ಳೆಪರದೆ ಬೇಕೇ, ಇನ್ನೂ ತೀರ್ಮಾನವಾಗಿಲ್ಲ.

ಸೋಮವಾರ ಎಕ್ಸ್‌ರೇ. ಅಲ್ಲಿಯವರೆಗೆ ಇರುವ ಒಂದೇ ಫ್ಲೀಸನ್ನು ದಿನಾ ಒಗೆದು ಒಣಗಿಸಬೇಕು, ಹೊರಗೆ ನೋಡಿದರೆ ಮಳೆ. ತಂಗಿಯ ಹೇರ್ ಡ್ರೈಯರ್ ಇದೆ. ಈ ಸಲ ಕೇಳಿಯೇ ತೆಗೆದುಕೊಳ್ಳಬೇಕು.